ಬಸ್ಸಿನ ಟ್ಯಾಬು, ಮಗಳ ಎಡಗಣ್ಣು

ಬಸ್ಸಿನಲ್ಲಿ ಬುದ್ಧಿ ಹೇಳುವವರನ್ನು ಕಂಡರೆ ರಮ್ಯಳಿಗೆ ಮೈಯೆಲ್ಲ ಉರಿಯುತ್ತಿತ್ತು. ಕೆ.ಆರ್.ಪೇಟೆಯಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಸೀಟು ಸಿಗದ ದಿನವಿತ್ತು, ಬುದ್ಧಿವಾದ ಸಿಗದ ದಿನವಿರಲಿಲ್ಲ. ಅವಳು ಕಿಟಕಿ ಪಕ್ಕ ಕೂತು, ಮಗಳು ನಿಮಿಷಳ ಬಲಗಣ್ಣಿಗೆ ಪಟ್ಟಿ ಅಂಟಿಸಿ, ಚೀಲದಿಂದ ಟ್ಯಾಬು ಹೊರಗೆ ತೆಗೆದಳೋ ಇಲ್ಲವೋ, ಯಾರಾದರೊಬ್ಬರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

“ಅಲ್ಲಾ ಕಣವ್ವ, ಮೊದ್ಲೇ ಕೂಸಿನ ಒಂದ್ ಕಣ್ಗೆ ಏಟಾಗದೆ. ಉಳ್ದಿರೋ ಒಂದ್ನೂ ಈ ಟ್ಯಾಬು ತೋರ್ಸಿ ಕಳೀಬೇಕು ಅಂತಿದ್ದೀಯಾ?”

ಹೀಗೆನ್ನುವವನು ಸಾಮಾನ್ಯವಾಗಿ ಕೆಂಪಣ್ಣ. ಪಾಂಡವಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಅವನದು ದಿನಾ ಅದೇ ಬಸ್ಸು, ಅದೇ ಮಾತು.

ರಮ್ಯ ಮೊದಮೊದಲು ಕೂತು ವಿವರಿಸುತ್ತಿದ್ದಳು. ಏಟೂ ಆಗಿಲ್ಲ, ಗೀಟೂ ಆಗಿಲ್ಲ. ಪಟ್ಟಿಯ ಹಿಂದೆ ಇರುವುದೇ ಒಳ್ಳೆಯ ಕಣ್ಣು. ಎಡಗಣ್ಣು ಹುಟ್ಟಿನಿಂದ ಮಂದ, ಡಾಕ್ಟರು ಅದನ್ನು ಸೋಮಾರಿ ಕಣ್ಣು ಅನ್ನುತ್ತಾರೆ. ಬಲಗಣ್ಣು ಚೆನ್ನಾಗಿ ಕಾಣುವುದರಿಂದ ಮಿದುಳು ಎಡಗಣ್ಣನ್ನು ಕೇಳುವುದನ್ನೇ ಬಿಟ್ಟಿದೆ. ಒಳ್ಳೆಯದನ್ನು ಮುಚ್ಚಿ, ಮಂದವಾದದ್ದರ ಕೈಲಿ ಹತ್ತಿರದ ಕೆಲಸ ಮಾಡಿಸಬೇಕು. ಚಿಕ್ಕ ವಯಸ್ಸಿನಲ್ಲಿ ಮಾಡಿಸಿದರೆ ಉಂಟು, ಬೆಳೆದ ಮೇಲೆ ತಲೆ ಕೆಳಗೆ ಮಾಡಿದರೂ ಇಲ್ಲ. ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರು ಇಳಿದು ಹೋಗಿರುತ್ತಿದ್ದರು, ಅವರ ಜಾಗದಲ್ಲಿ ಕೂತವರು ಹೊಸದಾಗಿ ಶುರುಮಾಡುತ್ತಿದ್ದರು. ಆಮೇಲಾಮೇಲೆ ಅವಳು ಯಾರಿಗೂ ಉತ್ತರ ಕೊಡದಾದಳು.

ಅವಳು ಪಾಲಹಳ್ಳಿಯ ಹುಡುಗಿ. ಒಂದು ಕಡೆ ಕೂತ ಜಾಯಮಾನವಲ್ಲ. ಮಾಕವಳ್ಳಿ ಪಕ್ಕದ ಊರಿನ ರವೀಂದ್ರನನ್ನು ಮದುವೆಯಾಗಿ, ಅವನ ಹಸುಗಳಿಗೆ ಹುಲ್ಲು ಹಾಕುತ್ತಲೇ ಪರೀಕ್ಷೆಗೆ ಓದಿ, ಶ್ರೀರಂಗಪಟ್ಟಣದ ತಾಲ್ಲೂಕು ಕಚೇರಿಯಲ್ಲಿ ಕೆಲಸ ಹಿಡಿದಿದ್ದಳು. ಮಗಳನ್ನೂ ಜೊತೆಗೇ ಕರೆದುಕೊಂಡು ಹೋಗಿ ಕಚೇರಿ ಹಿಂದಿನ ಶಿಶುವಿಹಾರದಲ್ಲಿ ಬಿಡುತ್ತಿದ್ದಳು. ಮಗು ಪುಸ್ತಕ ನೋಡುವಾಗ ತಲೆ ವಾಲಿಸುವುದನ್ನು ಅಲ್ಲಿನ ಟೀಚರು ಹೇಳಿದರು. ಪಟ್ಣ ಎಂದು ಎಲ್ಲರೂ ಕರೆಯುವ ಶ್ರೀರಂಗಪಟ್ಟಣದ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಕನ್ನಡಕ ಬರೆದು, ಪಟ್ಟಿ ಕೊಟ್ಟು, “ದಿನಾ ತಪ್ಪಬಾರದು. ಒಂದು ದಿನ ಬಿಟ್ಟರೆ ಹಿಂದಿನದ್ದೂ ಹಾಳು ಅಂದ್ಕೊಳ್ಳಿ” ಎಂದು ಎಚ್ಚರಿಸಿದರು.

ದಿನಾ ಅಂದರೆ ಯಾವಾಗ? ಹೊತ್ತಾರೆ ಹಾಲು ಕರೆಯುವ ಹೊತ್ತು, ಸಂಜೆ ಅಡುಗೆಯ ಹೊತ್ತು. ಕೂತು ಕಳೆಯುವ ಹೊತ್ತು ಅಂತ ಅವಳ ದಿನದಲ್ಲಿ ಇದ್ದದ್ದು ಬಸ್ಸಿನಲ್ಲಿ ಮಾತ್ರ, ಹೋಗುವಾಗ ಒಂದಿಷ್ಟು, ಬರುವಾಗ ಒಂದಿಷ್ಟು. ಆದರೆ ನಿಮಿಷ ಪಟ್ಟಿಯನ್ನು ಕಣ್ಣಿನ ಮೇಲೆ ಇಟ್ಟುಕೊಂಡರೆ ತಾನೆ? ಗಂಜಾಮಿನ ನಿಮಿಷಾಂಬ ದೇವಿಯ ಹೆಸರು ಇಟ್ಟಿದ್ದೇನೋ ಸರಿ, ಮಗು ಒಂದು ನಿಮಿಷ ಕೂತಲ್ಲಿ ಕೂರುತ್ತಿರಲಿಲ್ಲ. ಅಂಟಿಸಿದ್ದನ್ನು ಕಿತ್ತು ಮುಂದಿನ ಸೀಟಿನವರ ಬೆನ್ನಿಗೆ ಅಂಟಿಸಿ ನಗುತ್ತಿತ್ತು. ಕೊನೆಗೆ ಡಾಕ್ಟರೇ, ಕಾರ್ಟೂನೋ ಬಣ್ಣ ತುಂಬುವ ಆಟವೋ, ಪಟ್ಟಿ ಕೀಳದಂತೆ ಏನು ಹಿಡಿದಿಡುತ್ತದೋ ಅದನ್ನು ಕೊಡಿ ಎಂದರು. ರವೀಂದ್ರ ಟ್ಯಾಬು ತಂದ.

ಅಲ್ಲಿಂದ ರಮ್ಯಳಿಗೆ ಸಾಕಲು ಎರಡು ಮಕ್ಕಳಾದವು. ಟ್ಯಾಬಿಗೆ ದಪ್ಪ ರಬ್ಬರಿನ ಕವಚ ಹಾಕಿಸಿದಳು, ಹಳೇ ಕಂಬಳಿಯ ತುಂಡಿನಲ್ಲಿ ಚೀಲ ಹೊಲಿದಳು. ದಾರಿಯಲ್ಲಿ ಸಿಗ್ನಲ್ಲು ನೆಚ್ಚುವಂತಿಲ್ಲವೆಂದು ಮನೆಯಲ್ಲೇ ಕಾರ್ಟೂನು ತುಂಬಿಕೊಂಡು ಬರುತ್ತಿದ್ದಳು. ಬಸ್ಸು ಹತ್ತಿದ ಕೂಡಲೇ ಅದನ್ನು ವೇಲಿನಿಂದ ಮುಂದಿನ ಸೀಟಿನ ಕಂಬಿಗೆ ಕಟ್ಟಬೇಕು, ಧೂಳು ಬೀಳದಂತೆ ಗಾಜು ಎಳೆಯಬೇಕು, ಗಾಳಿ ಇಲ್ಲವೆಂದು ಗೊಣಗುವವರ ಕೈಲಿ ಬೈಸಿಕೊಳ್ಳಬೇಕು. ಹಂಪು ಬಂದರೆ ಒಂದು ಕೈ ಮಗಳ ಮೇಲೆ, ಇನ್ನೊಂದು ಕೈ ಟ್ಯಾಬಿನ ಮೇಲೆ. ಪಟ್ಟಿ ಅಂಚು ಬಿಟ್ಟಿತೇ, ಚಾರ್ಜು ಪಟ್ಣದವರೆಗೆ ಬಂದೀತೇ, ಪಕ್ಕದವರ ನೀರಿನ ಬಾಟಲಿಯ ಮುಚ್ಚಳ ಸಡಿಲವಾಗಿದೆಯೇ, ಹೀಗೆ ದಾರಿಯುದ್ದಕ್ಕೂ ಒಂದಾದ ಮೇಲೊಂದು. ಕಚೇರಿಗೆ ಹೋಗಿ ಕುರ್ಚಿಯಲ್ಲಿ ಕೂತ ಮೇಲೂ ಅವಳ ಕಾಲು ಅಲುಗುತ್ತಲೇ ಇರುತ್ತಿತ್ತು. ಬರುವ ವಾರ ಮತ್ತೆ ಡಾಕ್ಟರಿಗೆ ತೋರಿಸಲು ಹೋಗಬೇಕಿತ್ತು. ಕಣ್ಣು ಸುಧಾರಿಸಿದೆಯೋ ಇಲ್ಲವೋ ಆಗ ತಿಳಿಯುವುದಿತ್ತು.

ಇಷ್ಟು ಜೋಪಾನ ಮಾಡಿದ್ದು ಕೆಟ್ಟದ್ದು ಒಂದೇ ಗಳಿಗೆಯಲ್ಲಿ. ಒಂದು ಸಂಜೆ ವಾಪಸ್ಸು ಬರುವಾಗ ನಿಮಿಷ ವಾಂತಿ ಬರುತ್ತೆ ಅಂದಳು. ರಮ್ಯ ಟ್ಯಾಬನ್ನು ಬಿಚ್ಚಿ ಕಾಲ ಬಳಿ ಇಟ್ಟು ಮಗಳ ತಲೆಯನ್ನು ಕಿಟಕಿಗೆ ಹಿಡಿದಳು. ಅಷ್ಟರಲ್ಲಿ ಚಿನಕುರಳಿಯ ಹಂಪು ಬಂತು, ಡ್ರೈವರು ಬ್ರೇಕು ಹಾಕಿದ. ಯಾರೋ ತಿಥಿ ಮನೆಗೆ ಒಯ್ಯುತ್ತಿದ್ದ ಮಜ್ಜಿಗೆ ಕ್ಯಾನು ಉರುಳಿತು. ಸೀಟಿನ ಕೆಳಗೆಲ್ಲ ಮಜ್ಜಿಗೆ.

ಮನೆ ಸೇರಿದವಳೇ ನೆನೆದ ಟ್ಯಾಬನ್ನು ಒರೆಸಿದಳು, ಆರಿಸಿದಳು. ಮಜ್ಜಿಗೆ ನಾರುತ್ತಿದ್ದ ಮಗಳನ್ನು ಬಚ್ಚಲಿಗೆ ಎಳೆದುಕೊಂಡು ಹೋಗುತ್ತ, “ಅತ್ತೆ, ಅದನ್ನ ಅಕ್ಕಿ ಒಳಗೆ ಹೂತಿಡಿ. ತೇವ ಎಳ್ಕೊಳ್ಳುತ್ತಂತೆ,” ಎಂದು ಕೂಗಿ ಹೇಳಿದಳು. ಕಚೇರಿಯಲ್ಲಿ ಯಾರೋ ಹಾಗೆ ಮಾಡಿದ್ದನ್ನು ಕೇಳಿದ್ದಳು.

ಅತ್ತೆ ಚಿಕ್ಕಬೋರಮ್ಮನಿಗೆ ಟ್ಯಾಬು ಕಂಡರೆ ಅಷ್ಟಕ್ಕಷ್ಟೆ. ಕೂಸಿಗೆ ಕಣ್ಣು ಕಟ್ಟಿ ಸ್ಲೇಟಿನ ಮುಂದೆ ಕೂರಿಸುವ ವೈದ್ಯ ಎಂಥದ್ದು ಎಂದು ಅಕ್ಕಪಕ್ಕದವರ ಹತ್ತಿರ ಆಡಿಕೊಳ್ಳುತ್ತಿದ್ದಳು. ಆದರೂ ಸೊಸೆ ಅಷ್ಟು ಗಾಬರಿಯಾಗಿ ಹೇಳಿದ್ದು ಅವಳ ಮನಸ್ಸಿಗೆ ತಟ್ಟಿತು. ಹೇಳಿದ್ದಕ್ಕಿಂತ ಚೆನ್ನಾಗಿ ಮಾಡೋಣ ಅಂದುಕೊಂಡಳು. ಅಕ್ಕಿಯನ್ನು ಅವಳು ಎಂದೂ ನಂಬಿದವಳಲ್ಲ. ಆ ಮನೆಯಲ್ಲಿ ಮಾವಿನಕಾಯಿ, ಸೀತಾಫಲ, ಬಾಳೆ ಎಲ್ಲ ಹಣ್ಣಾಗುತ್ತಿದ್ದದ್ದು ರಾಗಿ ಡ್ರಮ್ಮಿನಲ್ಲಿ. ರಬ್ಬರು ಕವಚ ಕಳಚಿ, ಮೊಣಕೈಯುದ್ದ ಆಳಕ್ಕೆ ಟ್ಯಾಬನ್ನು ರಾಗಿಯೊಳಗೆ ಇಳಿಸಿ ಮುಚ್ಚಳ ಹಾಕಿದಳು.

ಬೆಳಿಗ್ಗೆ ಎತ್ತಿ ಅಲ್ಲಾಡಿಸಿದರೆ ಟ್ಯಾಬು ಗಲಗಲ ಅಂದಿತು. ಸದ್ದು ಬರುವ ತೂತಿನಲ್ಲಿ ರಾಗಿ, ಚಾರ್ಜಿನ ತೂತಿನಲ್ಲಿ ಗಿಡಿದು ತುಂಬಿದಂತೆ ರಾಗಿ. ರಮ್ಯ ಪಿನ್ನು ಹಾಕಿ ಮೀಟಿದಷ್ಟೂ ಕಾಳು ಒಳಕ್ಕೇ ಹೋಯಿತು.

“ಅಕ್ಕೀಲಿ ಏನ್ ಬಿಸಿ ಇದ್ದದು? ರಾಗೀಲಿ ಮಡಗುದ್ರೆ ಕಾಯೇ ಹಣ್ಣಾಯ್ತದೆ, ಇದು ಒಣಗಲ್ವಾ ಅಂತ ಮಡಗ್ದೆ ಕಣವ್ವ,” ಎಂದಳು ಚಿಕ್ಕಬೋರಮ್ಮ.

“ಹೇಳಿದ್ದೊಂದು, ನೀವು ಮಾಡಿದ್ದೊಂದು. ನಾಳೆ ಕೂಸಿನ ಕಣ್ಣು ಹೋದ್ರೆ ನೀವು ತಂದ್ಕೊಡ್ತೀರಾ ಅತ್ತೆ?”

ಮದುವೆಯಾದಂದಿನಿಂದ ರಮ್ಯ ಅತ್ತೆಗೆ ಅಂಥ ಮಾತು ಆಡಿರಲಿಲ್ಲ. ಚಿಕ್ಕಬೋರಮ್ಮ ಕೊಟ್ಟಿಗೆಗೆ ಹೊರಟುಹೋದಳು. ರವೀಂದ್ರ, “ಬುಡು, ಅವ್ವಂಗೇನ್ ಗೊತ್ತಾಗ್ತದೆ,” ಅಂದದ್ದಕ್ಕೆ ಅವನಿಗೂ ಬಿತ್ತು.

ಪಟ್ಣದ ರಿಪೇರಿಯವನು ಟ್ಯಾಬನ್ನು ಕಿವಿಯ ಬಳಿ ಆಡಿಸಿ ನಕ್ಕು, ಬಿಚ್ಚಬೇಕು, ಪಾರ್ಟು ಮೈಸೂರಿನಿಂದ ಬರಬೇಕು, ನೋಡೋಣ ಎಂದ. ಆ ಬೆಳಿಗ್ಗೆ ಬಸ್ಸಿನಲ್ಲಿ ರಮ್ಯ ತನ್ನ ಮೊಬೈಲು ಕೊಟ್ಟು ನೋಡಿದ್ದಳು. ಅಷ್ಟು ಚಿಕ್ಕ ಚಿತ್ರ ಮಂದಗಣ್ಣಿಗೆ ನಿಲುಕದೆ ಮಗು ಪಟ್ಟಿ ಕಿತ್ತು ಎಸೆದಿತ್ತು. ಸಂಜೆ ಇನ್ನೊಂದು ಅಂಟಿಸಿದಳು, ಅದನ್ನೂ ಕಿತ್ತಿತು. ಕೈಗಳನ್ನು ಒತ್ತಿ ಹಿಡಿದುಕೊಂಡರೆ ಬಸ್ಸು ಹಾರಿಹೋಗುವಂತೆ ಕಿರುಚಿತು.

“ಕೊಟ್ಬುಡವ್ವ ಅದೆಂತದೋ ಟ್ಯಾಬ್ನ. ಬಾಯ್ ಮುಚ್ಕಂಡಾದ್ರೂ ಕುಂತಿರ್ತದೆ,” ಎಂದ ಕೆಂಪಣ್ಣ.

ರಮ್ಯಳಿಗೆ ಅವನ ಕುತ್ತಿಗೆ ಹಿಡಿಯುವಷ್ಟು ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ಅಳು ಬಂತು. ತಿಂಗಳುಗಟ್ಟಲೆ ಪಟ್ಟ ಪಾಡು ಡಾಕ್ಟರಿಗೆ ತೋರಿಸುವ ಹೊತ್ತಿಗೆ ಸರಿಯಾಗಿ ನೀರುಪಾಲಾಗುತ್ತದಲ್ಲ. ಬಿಟ್ಟರೆ ಕಣ್ಣು ಹೋಗುತ್ತದೆ, ಹಿಡಿದರೆ ಮಗು ತನ್ನನ್ನು ಕಂಡರೆ ಹೆದರುವಂತಾಗುತ್ತದೆ. ಮನೆಗೆ ಬಂದು ಊಟ ಬಿಟ್ಟು ಮಲಗಿದಳು.

ಮಾರನೆಯ ಬೆಳಿಗ್ಗೆ ಕೆ.ಆರ್.ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿದರೆ ಒಳಗೆ ಚಿಕ್ಕಬೋರಮ್ಮ ಕೂತಿದ್ದಳು. ಹೇಳದೆ ಕೇಳದೆ ಡೇರಿಯ ಹಾಲಿನ ವ್ಯಾನಿನಲ್ಲಿ ಮೊದಲೇ ಬಂದು, ಕಿಟಕಿಯಿಂದ ಟವೆಲು ಎಸೆದು ಮೂವರಿಗೂ ಸೀಟು ಹಿಡಿದಿದ್ದಳು.

“ನೀವ್ಯಾಕೆ ಬಂದ್ರಿ ಅತ್ತೆ?”

“ಕೆಡುಸ್ದೋಳು ನಾನಲ್ವಾ. ಟ್ಯಾಬು ಬರಗಂಟ ನಾನೇ ಆಡುಸ್ತೀನಿ. ನೀನ್ ಕುಂತ್ಕೊ.”

ಅವಳ ಮಡಿಲಲ್ಲಿ ಒಂದು ಚೀಲ ಹುಣಸೆ ಬೀಜ. ಎಣಿಸುವುದು, ಮುಚ್ಚಿ ಹಿಡಿದು ಎಷ್ಟಿದೆ ಹೇಳು ಅನ್ನುವುದು, ಕರಿಯದು ಯಾವುದು ಕೆಂಪಗಿನದು ಯಾವುದು ಆರಿಸುವುದು. ನಿಮಿಷ ಮೊದಲು ಕುಲುಕುಲು ನಕ್ಕಳು. ರಮ್ಯ ಎಷ್ಟೋ ದಿನದ ಮೇಲೆ ಬೆನ್ನನ್ನು ಸೀಟಿಗೆ ಆನಿಸಿದಳು. ಆದರೆ ಚಿನಕುರಳಿ ಹತ್ತಿರವಾಗುತ್ತಿದ್ದಂತೆ ಆಟ ಹಳತಾಯಿತು, ಬೆರಳು ಪಟ್ಟಿಯ ಅಂಚಿಗೆ ಹೋಯಿತು.

“ಬಿಚ್ಬೇಡ ಕಣವ್ವ ನನ್ ಚಿನ್ನ,” ಎಂದಳು ಅಜ್ಜಿ.

“ನಂಗೇ ಯಾಕೆ? ನೀನೂ ಹಾಕ್ಕೊ ಅಜ್ಜಿ.”

“ಅಷ್ಟೇ ತಾನೆ? ನನ್ಗೂ ಒಂದ್ ಅಂಟ್ಸು ರಮ್ಯ. ಅದೇನ್ ಮಹಾ ಕಷ್ಟ.”

ರಮ್ಯ ನಗುತ್ತಲೇ ಇನ್ನೊಂದು ಪಟ್ಟಿ ಬಿಡಿಸಿ, ಮಗಳಿಗೆ ಅಂಟಿಸಿದಂತೆಯೇ ಅತ್ತೆಯ ಬಲಗಣ್ಣಿಗೆ ಅಂಟಿಸಿದಳು. ನಿಮಿಷ ಚಪ್ಪಾಳೆ ತಟ್ಟಿದಳು. ಚಿಕ್ಕಬೋರಮ್ಮ ಮಾತ್ರ ಅಲುಗಾಡದೆ ಕೂತಿದ್ದಳು. ಆಮೇಲೆ ಅವಳ ಕೈ ಮುಂದಿನ ಕಂಬಿಯನ್ನು ಹುಡುಕತೊಡಗಿತು. ಮಡಿಲಿನ ಬೀಜವೆಲ್ಲ ಕೆಳಗೆ ಚೆಲ್ಲಿದರೂ ಅವಳು ಬಗ್ಗಿ ನೋಡಲಿಲ್ಲ.

“ಅತ್ತೆ, ಏನಾಯ್ತು? ಇದೆಷ್ಟು ಬೆರಳು ಹೇಳಿ.”

“ಏನೋ ಬೆಳ್ಳಗೆ ಆಡ್ತದೆ. ನಿನ್ ಕೈಯಾ ಅದು?”

“ಪೊರೆ ಬಂದಿರ್ಬೇಕು. ಯಾವತ್ತಿಂದ ಹೀಗೆ?”

“ಪೊರೆ ಅಲ್ಲ ಕಣವ್ವ. ಹುಡ್ಗಿ ಆಗಿದ್ದಾಗ್ಲಿಂದ್ಲೂ ಇಂಗೇಯ. ಎಲ್ಲಾರ್ಗೂ ಒಂದ್ ಕಣ್ಣು ಕೆಲ್ಸಕ್ಕೆ, ಇನ್ನೊಂದು ಅಂದಕ್ಕೆ ಅನ್ಕಂಡಿದ್ದೆ. ಯಾರ್ನ ಅಂತ ಕೇಳ್ಲಿ?”

ಮನೆಯಲ್ಲಿ ಯಾರಿಗಾದರೂ ಹೀಗೆ ಇತ್ತೇ ಎಂದು ಡಾಕ್ಟರು ಕೇಳಿದಾಗ ಯಾರಿಗೂ ಇಲ್ಲ ಎಂದು ರಮ್ಯಳೇ ಹೇಳಿ ಬಂದಿದ್ದಳು. ಮುಂದಿನ ಸೀಟಿನಿಂದ ತಿರುಗಿದ್ದ ಕೆಂಪಣ್ಣ ಏನೋ ಹೇಳಲು ಹೊರಟು, ಬಾಯಿ ಮುಚ್ಚಿ ಮುಂದಕ್ಕೆ ತಿರುಗಿಕೊಂಡ.

“ಹಂಗಾರೆ ಡಾಕುಟ್ರು ಹೇಳ್ದಂಗೆ ಮಾಡ್ದೆ ಬುಟ್ರೆ ಇದೂ ನನ್ನಂಗೇ ಆಯ್ತದಾ?” ಎಂದು ಚಿಕ್ಕಬೋರಮ್ಮ ಮೆಲ್ಲಗೆ ಕೇಳಿದಳು.

ರಮ್ಯ ಹೂಂ ಅಂದಳು. ಆಡಿದ ಮಾತಿಗೆ ಕ್ಷಮೆ ಕೇಳಬೇಕೆನಿಸಿದರೂ ಬಸ್ಸಿನಲ್ಲಿ ಬಾಯಿ ಬರಲಿಲ್ಲ. ಪಟ್ಟಿ ತೆಗೆಯೋಣವೆಂದು ಅತ್ತೆಯ ಕೆನ್ನೆಗೆ ಕೈ ಒಯ್ದರೆ ಅವಳು ಮುಖ ಹಿಂದಕ್ಕೆ ಎಳೆದುಕೊಂಡಳು.

“ಇರ್ಲಿ ಬುಡು. ನಾನ್ ಬಿಚ್ಚುದ್ರೆ ಇದೂ ಬಿಚ್ತದೆ.”

ಪಾಂಡವಪುರ ಬಂತು, ಹೋಯಿತು. ಚಿಕ್ಕಬೋರಮ್ಮ ಆ ಮಬ್ಬಿನಲ್ಲೇ ಕೂತು, “ಈಗ ಏನ್ ಕಾಣ್ತದೆ ಹೇಳವ್ವ, ನನ್ಗೆ ಕಾಣಲ್ಲ,” ಎಂದು ಮೊಮ್ಮಗಳನ್ನು ಕೇಳುತ್ತಲೇ ಇದ್ದಳು. ಆಟಕ್ಕೆ ಕೇಳಿದ್ದಲ್ಲ, ನಿಜವಾಗಿಯೂ ಕಾಣುತ್ತಿರಲಿಲ್ಲ. ನಿಮಿಷ ಕಿಟಕಿಗೆ ಮೂಗು ಒತ್ತಿ ಹಸು, ಕಬ್ಬಿನ ಗಾಡಿ, ನಾಯಿ ಎಂದು ಹೇಳುತ್ತಾ ಬಂದಳು. ಕೆಲವು ಸರಿ, ಕೆಲವು ತಪ್ಪು. ಪಟ್ಟಿಯನ್ನು ಮುಟ್ಟಲಿಲ್ಲ.

ಶ್ರೀರಂಗಪಟ್ಟಣದಲ್ಲಿ ಬಸ್ಸು ನಿಂತಾಗ ರಮ್ಯ ಎಂದಿನಂತೆ ಮಗಳ ಪಟ್ಟಿ ಬಿಚ್ಚಿ ಎತ್ತಿಕೊಳ್ಳಲು ಹೋದಳು. ಪಟ್ಟಿಯ ಮೊದಲ ವಾರದಲ್ಲಿ ಎಡಗಣ್ಣಿಗೆ ಏನೂ ತಿಳಿಯದೆ ಇದೇ ಮೆಟ್ಟಿಲಲ್ಲಿ ಮುಗ್ಗರಿಸಿ ಮಗು ತುಟಿ ಒಡೆದುಕೊಂಡಿತ್ತು. ನಿಮಿಷ ಪಟ್ಟಿ ಬಿಚ್ಚಗೊಡದೆ ಅವಳ ಕೈಯನ್ನು ತಳ್ಳಿ ಅಜ್ಜಿಯ ಬೆರಳು ಹಿಡಿದುಕೊಂಡಳು.

“ಬಾ ಅಜ್ಜಿ. ಇಲ್ಲೊಂದು ಮೆಟ್ಲು. ಇನ್ನೊಂದು ಇದೆ, ತಾಳು. ಕೆಳಗೆ ಕಲ್ಲಿದೆ, ಈ ಕಡೆ ಇಡು ಕಾಲು.”

ಬಾಗಿಲಲ್ಲಿ ಇಳಿಯುವವರು ಹತ್ತುವವರು ನೂಕುತ್ತಿದ್ದರು. ರಮ್ಯ ಎರಡೂ ತೋಳು ಅಡ್ಡ ಹಿಡಿದು ಅವರನ್ನು ತಡೆದು ನಿಂತಳು. ಕಲ್ಲು ಅಲ್ಲಿ ನಿಜಕ್ಕೂ ಇತ್ತು. ಚಿಕ್ಕಬೋರಮ್ಮ ಮೊಮ್ಮಗಳು ತೋರಿಸಿದ ಕಡೆ ಕಾಲಿಟ್ಟು ನೆಲಕ್ಕೆ ಇಳಿದಳು.