ಅಕ್ಕನ ಬಣ್ಣ

ಅಕ್ಕನ ಮಗಳು ಶೋಭ ಮೊನ್ನೆ ಕೋಲಾರದಿಂದ ಮುಖಕ್ಕೆ ಹಚ್ಚುವ ಕ್ರೀಮು ತಂದಳು. ಡಬ್ಬಿಯ ಮೇಲೆ ಹಿಪ್ಪುನೇರಳೆ ಎಲೆಯ ಚಿತ್ರ. ಆ ಗಿಡದ ಸಾರ ಮೈಬಣ್ಣ ತಿಳಿಯಾಗಿಸುತ್ತದಂತೆ. ಓದಿದಾಗ ನಗು ಬರಬೇಕಿತ್ತು, ಬರಲಿಲ್ಲ. ವಕ್ಕಲೇರಿ ಕಡೆಯ ತವರಲ್ಲೂ ಆಮೇಲೆ ಗಂಡನ ಮನೆಯಲ್ಲೂ ಅಕ್ಕ ಬದುಕಿಡೀ ಅದೇ ಸೊಪ್ಪು ಕೊಯ್ದವಳು. ಕಪ್ಪಗೇ ಇದ್ದಳು. ಹೋದ ಚಳಿಗಾಲದಲ್ಲಿ ತೀರಿಕೊಂಡಳು.

ರೇಷ್ಮೆ ಸಾಕಿದ ಮನೆಯವರಾದರೆ ನಿಮಗೂ ಗೊತ್ತಿರುತ್ತದೆ, ಹುಳುವಿಗೆ ಘಾಟು ವಾಸನೆ ಆಗದು. ಸೆಂಟು, ಬೀಡಿ, ಊದುಬತ್ತಿ ಯಾವುದೂ ಹತ್ತಿರ ಸುಳಿಯಬಾರದು. ಅಕ್ಕ ಅರಿಶಿನವನ್ನೂ ಅದೇ ಸಾಲಿಗೆ ಸೇರಿಸಿಬಿಟ್ಟಿದ್ದಳು. ನಾನು ಮಾತ್ರ ಹುಳುಮನೆಯ ಕೆಲಸ ತಪ್ಪಿಸಿಕೊಂಡು ಕಡಲೆಹಿಟ್ಟು, ಕಸ್ತೂರಿ ಅರಿಶಿನ, ನಿಂಬೆರಸ ಎಲ್ಲ ಮೆತ್ತಿಕೊಂಡೆ. ಬಣ್ಣ ಇದ್ದಲ್ಲೇ ಇತ್ತು, ಮೊಡವೆ ಹೆಚ್ಚಿದವು.

ಮುಳಬಾಗಿಲಿನವರು ಅಕ್ಕನನ್ನು ನೋಡಲು ಬಂದ ದಿನ ಹುಳು ಕೊನೆಯ ಜ್ವರ ಎದ್ದಿದ್ದವು. ಪೊರೆ ಬಿಡುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ಎದ್ದ ಮೇಲೆ ಅವುಗಳ ಹಸಿವು ತಡೆಯಲಾಗದು. ಅಮ್ಮ ಬಳಿದಿದ್ದ ಅರಿಶಿನ ತೊಳೆದುಕೊಂಡು ಅಕ್ಕ ಸೊಪ್ಪು ಹಾಕಲು ಹೋದಳು. ಹಾಗೆಯೇ ಬಂದು ಚಾಪೆಯ ಮೇಲೆ ಕೂತಳು. ಹುಡುಗಿ ಕಪ್ಪು ಎಂದು ಹುಡುಗನ ತಾಯಿ ತೆಲುಗಿನಲ್ಲಿ ಗೊಣಗಿದರು.

"ನಂಗೂ ತೆಲುಗು ಬರುತ್ತೆ, ಅತ್ತೆ," ಎಂದಳು ಅಕ್ಕ, ತಲೆ ಎತ್ತದೆ.

ಹುಡುಗ ನಕ್ಕುಬಿಟ್ಟರು. ಅವರೇ ನಮ್ಮ ಭಾವ.

ಅಕ್ಕ ಹೋದಾಗ, ಮುತ್ತೈದೆಯೆಂದು ಹೆಂಗಸರು ಮುಖಕ್ಕೆ ದಪ್ಪಗೆ ಅರಿಶಿನ ಬಳಿದರು. ಬೇಡವೆನ್ನಲು ಅವಳಿಗೆ ಹುಳುವಿನ ನೆಪವೂ ಇರಲಿಲ್ಲ. ಗೋಡೆಗೆ ಒರಗಿಸಿ ಕೂರಿಸಿದ್ದ ಆ ಹಳದಿ ಮುಖ ಯಾರದೋ ಆಗಿತ್ತು. ಈಗ ಕಣ್ಣು ಮುಚ್ಚಿದರೆ ಅದೇ ಬರುತ್ತದೆ. ಎಷ್ಟು ನೆನೆದರೂ ಅಕ್ಕನ ಮುಖ ಬರುವುದಿಲ್ಲ.

ತಾಯಿ ತೀರಿಕೊಂಡ ವರ್ಷದೊಳಗೆ ಮಗಳ ಮದುವೆ ಆಗಬೇಕಲ್ಲ, ಶೋಭಳನ್ನು ನೋಡಲು ಭಾನುವಾರ ಶ್ರೀನಿವಾಸಪುರದವರು ಬರುತ್ತಿದ್ದಾರೆ. ಇವತ್ತು ಅವಳು ಕನ್ನಡಿಯ ಮುಂದೆ ನಿಂತು ಒಂದು ಕೆನ್ನೆಗೆ ಕ್ರೀಮು ಹಚ್ಚಿ ಮುಗಿಸಿದ್ದಳು. ಇನ್ನೊಂದು ಕೆನ್ನೆಯ ಮೇಲೆ ನನ್ನ ಕಣ್ಣು ನಿಂತುಬಿಟ್ಟಿತು. ಅಲ್ಲಿ ಅಕ್ಕ ಇದ್ದಳು.

"ಸಾಕು ಬಿಡೇ. ನಿಮ್ಮಮ್ಮನ ಬಣ್ಣ ಇನ್ನೆಲ್ಲೂ ಉಳಿದಿಲ್ಲ," ಎಂದೆ.

ಅವಳು ಕನ್ನಡಿಯೊಳಗಿಂದಲೇ ನನ್ನನ್ನು ನೋಡಿದಳು. "ಬರೋರಿಗೂ ಇದನ್ನೇ ಹೇಳ್ತೀಯಾ, ಚಿಕ್ಕಮ್ಮ?"

ಅವಳ ಬೆರಳು ಆ ಕೆನ್ನೆಯ ಹತ್ತಿರ ಬಂತು. ಸ್ವಲ್ಪ ಇರು ಎಂದೆ. ಯಾಕೆಂದು ಕೇಳದೆ ನನ್ನ ಕಡೆ ತಿರುಗಿ ನಿಂತಳು. ಕಣ್ತುಂಬ ನೋಡಿಕೊಂಡೆ.