ಟವಲಿನ ಕೆಳಗೆ ಹೋದ ಅರ್ಧ ಪಾರ್ಕು

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಅರ್ಧ ಹೋಯಿತು. ಬಾವಿ ಇದ್ದ ಅರ್ಧ, ಹೊಂಗೆ ಸಸಿಗಳು ಆಗತಾನೇ ಎದೆಯೆತ್ತರ ಬಂದಿದ್ದ ಅರ್ಧ. ಯಾಕೆ ಹೋಯಿತೆಂದರೆ, ಜನ ತಮ್ಮ ಪರವಾಗಿ ಮಾತಾಡಲು ನನ್ನನ್ನು ಆರಿಸಿದರು, ನಾನು ನನಗೆ ಬಂದಷ್ಟು ಚೆನ್ನಾಗಿ ಚೌಕಾಸಿ ಮಾಡಿದೆ.

ನಾನು ಗುಬ್ಬಿ ಕಡೆಯವನು. ಸಂತೆಯಲ್ಲಿ ದನದ ದಲ್ಲಾಳಿಯಾಗಿ ಶುರು ಮಾಡಿ, ಆಮೇಲೆ ತೆಂಗಿನಕಾಯಿ ವ್ಯಾಪಾರಕ್ಕಿಳಿದು, ಎಪ್ಪತ್ತರ ದಶಕದ ಕೊನೆಯಲ್ಲಿ ತುಮಕೂರಿನ ಬಟವಾಡಿ ಆಚೆಗೆ ಹೊಸದಾಗಿ ಎದ್ದ ಬಡಾವಣೆಯಲ್ಲಿ ಮನೆ ಕಟ್ಟಿದೆ. ಇಟ್ಟಿಗೆಯಿಂದ ಹಿಡಿದು ಬಾಗಿಲಿನ ಚಿಲಕದವರೆಗೆ ನಾನು ಹೇಳಿದ ದರಕ್ಕೇ ಬಂತು. ಬೀದಿಯಲ್ಲಿ ಯಾರು ಏನು ಕೊಳ್ಳಬೇಕಾದರೂ ನನ್ನನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಒಬ್ಬರ ಮಗಳ ಮದುವೆಗೆ ಛತ್ರದ ಬಾಡಿಗೆಯನ್ನೂ ಇಳಿಸಿಕೊಟ್ಟಿದ್ದೆ. ನನಗೆ ಆ ಜಂಬ ಇತ್ತು.

ಬಡಾವಣೆಯಾಗುವ ಮೊದಲು ಅದು ರಾಗಿ ಹೊಲ. ಹೊಲದ ಬಾವಿಯನ್ನು ಮುಚ್ಚದೆ ಅದರ ಸುತ್ತಲಿನ ಜಾಗವನ್ನು ನಕ್ಷೆಯಲ್ಲಿ ಪಾರ್ಕು ಎಂದು ತೋರಿಸಿದ್ದರು. ತೋರಿಸಿದ್ದರು, ಅಷ್ಟೇ. ಅಲ್ಲಿ ಇದ್ದದ್ದು ಮುಳ್ಳು ಮತ್ತು ಕಸ. ಅದನ್ನು ಪಾರ್ಕು ಮಾಡಿದವರು ನಮ್ಮ ಎದುರು ಮನೆಯ ಟೀಚರಮ್ಮ. ಕುಣಿಗಲ್ ಕಡೆಯ ಹೆಣ್ಣುಮಗಳು, ಪ್ರೈಮರಿ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದರು. ಭಾನುವಾರ ಬೆಳಿಗ್ಗೆ ಒಂದೊಂದೇ ಬಾಗಿಲು ಬಡಿಯುತ್ತಾ ಬರುತ್ತಿದ್ದರು. "ಅಣ್ಣ, ಕಾಫಿ ಆಮೇಲ್ ಕುಡೀರಿ. ನಿಮ್ ಗಿಡ ಒಣಗ್ತಾ ಐತೆ." ಮನೆಗೊಂದು ಸಸಿ, ಬಾವಿಯಿಂದ ಸೇದಿ ಮನೆಗೆರಡು ಕೊಡ ನೀರು. ನಾನೂ ಪಂಚೆ ಎತ್ತಿ ಕಟ್ಟಿ ಹೊತ್ತಿದ್ದೇನೆ.

ಸೈಟುಗಳಿಗೆ ಬೆಲೆ ಏರಿದ ಮೇಲೆ ಬಡಾವಣೆ ಮಾಡಿದ ಯಜಮಾನ ಪಾರ್ಕಿನ ಜಾಗವನ್ನೂ ಸೈಟು ಮಾಡಲು ಅರ್ಜಿ ಹಾಕಿದ. ನಿವಾಸಿಗಳ ತಕರಾರಿದ್ದರೆ ಬಂದು ಹೇಳಿ ಎಂದು, ಬಡಾವಣೆಯ ನಕ್ಷೆ ಮಂಜೂರು ಮಾಡಿದ ಕಚೇರಿಯಿಂದ ತಿಳಿಸಿದರು. ಟೀಚರಮ್ಮ ಸೇರಿಸಿದ ಸಭೆಯಲ್ಲಿ ಎಲ್ಲರೂ ಒಂದೇ ಮಾತು ಹೇಳಿದರು: ಪಾರ್ಕು ಪಾರ್ಕಾಗಿಯೇ ಇರಬೇಕು. ತಕರಾರು ಅರ್ಜಿಯನ್ನು ಬರೆದವರು ಟೀಚರಮ್ಮನೇ. ನಮ್ಮ ಪರವಾಗಿ ಮಾತಾಡುವವರು ಇವರು ಎಂದು ಕೊನೆಯಲ್ಲಿ ನನ್ನ ಹೆಸರನ್ನೂ ಅವರೇ ಸೇರಿಸಿದರು. "ಸಿಟ್ಟು ಬಂದ್ರೆ ನಂಗೆ ಮಾತೇ ಹೊರಡಲ್ಲ ಅಣ್ಣ. ನೀವಾದ್ರೆ ಸರಿಯಾಗ್ ಮಾತಾಡ್ತೀರ."

ವಿಚಾರಣೆಯ ದಿನ ಬೀದಿಯ ಅರ್ಧ ಜನ ಬಂದರು. ಕಚೇರಿಯ ಜಗಲಿಯಲ್ಲಿ ಯಜಮಾನ ಕೂತಿದ್ದ. ಹಿಂದೆ ಗುಬ್ಬಿ ಸಂತೆಯಲ್ಲಿ ನಾನೇ ಅವನಿಗೆ ಒಂದು ಜೊತೆ ಎತ್ತು ಕೊಡಿಸಿದ್ದೆ.

"ಏನ್ ದಲ್ಲಾಳಿ, ಸಂತೆನೇ ಎಬ್ಬಿಸ್ಕೊಂಡ್ ಬಂದಿದೀಯಲ್ಲ!" ಎಂದ.

"ನಿಂಗೇನ್ಲಾ, ಹೊಲ ಮಾರ್ಕೊಂಡೆ, ಈಗ ಬಾವಿನೂ ಬೇಕಾ?"

ನಗುತ್ತಾ ಹೆಗಲ ಮೇಲಿನ ಟವಲನ್ನು ತೆಗೆದು ತನ್ನ ಕೈ ಮೇಲೆ ಹಾಸಿಕೊಂಡ.

ಸಂತೆಯಲ್ಲಿ ನಾವು ದರವನ್ನು ಬಾಯಲ್ಲಿ ಹೇಳುವುದಿಲ್ಲ. ಟವಲಿನ ಕೆಳಗೆ ಕೈ ಹಿಡಿದು ಬೆರಳಲ್ಲಿ ಹೇಳುತ್ತೇವೆ. ಸುತ್ತ ನಿಂತವರಿಗೆ ಏನೂ ಕಾಣಿಸದು. ಒಪ್ಪಿದರೆ ಕೈ ಅದುಮುವುದು. ಅದುಮಿದ ಮೇಲೆ ಮಾತು ತಪ್ಪಿದವನಿಗೆ ಮತ್ತೆ ಯಾರೂ ಕೈ ಕೊಡುವುದಿಲ್ಲ. ಇಷ್ಟು ವರ್ಷದ ಅಭ್ಯಾಸ. ಅವನು ಟವಲು ಹಾಸಿದ, ನನ್ನ ಕೈ ತಾನಾಗಿ ಒಳಗೆ ಹೋಯಿತು.

ಮೊದಲು ಕಾಲು ಭಾಗ ಬಿಡುತ್ತೇನೆಂದ. ಕೈ ಕೊಡವಿದೆ. ಎದ್ದು ಹೋಗುವ ಹಾಗೆ ಮಾಡಿದೆ. ಹಿಡಿದು ಕೂರಿಸಿ, ಅರ್ಧ ಎಂದ. ಎಲ್ಲವನ್ನೂ ನುಂಗಲು ಬಂದವನನ್ನು ಬೀಡಿ ಸೇದುವಷ್ಟು ಹೊತ್ತಿನಲ್ಲಿ ಅರ್ಧಕ್ಕಿಳಿಸಿದೆನಲ್ಲ ಎಂದು ಎದೆ ಉಬ್ಬಿತು. ಅದುಮಿಬಿಟ್ಟೆ. ಒಂದು ಪೈಸೆ ಮುಟ್ಟಲಿಲ್ಲ. ಮುಟ್ಟಿದ್ದರೆ ನನ್ನನ್ನು ಕಳ್ಳ ಎನ್ನುತ್ತಿದ್ದರು, ಅದಾದರೂ ಒಂದು ಹೆಸರು.

ಒಳಗೆ ಹೋಗಿ, "ಅರ್ಧಕ್ಕೆ ಒಪ್ಪಿದೀವಿ ಸ್ವಾಮಿ" ಎಂದೆ.

ಬೆಂಚಿನಿಂದ ಟೀಚರಮ್ಮ ಎದ್ದು ನಿಂತರು. "ಯಾರ್ ಒಪ್ಪಿದ್ದು? ನಾವ್ ಒಪ್ಪಿಲ್ಲ ಸಾರ್!"

ವಿಚಾರಣೆ ನಡೆಸುತ್ತಿದ್ದ ಸಾಹೇಬರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಏನ್ರೀ ನೀವು? ನಕ್ಷೆಯಲ್ಲಿ ಅದು ಪಾರ್ಕು. ಜನ ಬೇಡ ಅಂದಿದ್ರೆ ಈ ಯಜಮಾನರ ಅರ್ಜಿನ ಇವತ್ತೇ ವಜಾ ಮಾಡ್ತಿದ್ದೆ." ಆಮೇಲೆ ಟೀಚರಮ್ಮನ ಕಡೆ ತಿರುಗಿದರು. "ಇವರೇ ನಮ್ಮ ಪರ ಅಂತ ನೀವೇ ಬರೆದುಕೊಟ್ಟಿದೀರಲ್ಲಮ್ಮ."

ಇಡೀ ವಸ್ತು ನಮ್ಮದೇ ಆಗಿತ್ತು. ನಮ್ಮ ಕೊಟ್ಟಿಗೆಯ ಎತ್ತಿಗೆ ನಾನೇ ಗಿರಾಕಿಯಾಗಿ ಹೋಗಿ ದರ ಕೇಳಿದ್ದೆ. ಆಗಲಾದರೂ ತಪ್ಪಾಯಿತು ಎನ್ನಬಹುದಿತ್ತು. ಎನ್ನಲಿಲ್ಲ. ಯಜಮಾನ ಪಕ್ಕದಲ್ಲೇ ನಿಂತಿದ್ದ, ಅವನ ಕೈ ಅದುಮಿದ್ದೆ. ಅವನೆದುರು ಮಾತು ತಪ್ಪಲು ನಾಚಿಕೆಯಾಯಿತು. ಬೀದಿಯವರೆದುರು ಆ ನಾಚಿಕೆ ಆಗಲಿಲ್ಲ. ಇವತ್ತಿಗೂ ನನ್ನನ್ನು ಹಿಂಡುವುದು ಅದೇ.

ವಾಪಸು ನಡೆಯುತ್ತಾ ಬಟವಾಡಿ ಹತ್ತಿರ ಬಂದಾಗ ಟೀಚರಮ್ಮ ನಿಂತು ಕೇಳಿದರು: "ಆ ಟವಲ್ ಕೆಳಗೆ ಏನಿತ್ತು ಅಣ್ಣ? ನಮ್ಗೂ ಒಸಿ ತೋರ್ಸಿ."

ನಾನು ಅಂಗೈ ನೋಡಿಕೊಂಡೆ.

ಯಜಮಾನನ ಅರ್ಧಕ್ಕೆ ಬಿದ್ದ ಬಾವಿಗೆ ಮಣ್ಣು ತುಂಬಿದರು. ಉಳಿದರ್ಧದ ಗಿಡಗಳಿಗೆ ನೀರು ಹತ್ತಿರದಲ್ಲಿರಲಿಲ್ಲ. ಆ ಬೇಸಿಗೆಯಲ್ಲಿ ಬಹಳಷ್ಟು ಒಣಗಿದವು. ಟೀಚರಮ್ಮ ಮಾತ್ರ ಮನೆಯಿಂದ ಕೊಡ ಹೊತ್ತು ಹೋಗುತ್ತಿದ್ದರು. ನನ್ನ ಬಾಗಿಲು ಮತ್ತೆ ಬಡಿಯಲಿಲ್ಲ. ಕೆಲವು ವರ್ಷಗಳ ನಂತರ ಹೋದ ಅರ್ಧದ ಸೈಟೊಂದರಲ್ಲೇ ಮನೆ ಕಟ್ಟಿ ಬಂದವರೊಬ್ಬರು, "ನಿಮ್ಮಿಂದ ಅರ್ಧ ಪಾರ್ಕಾದ್ರೂ ಉಳೀತಂತೆ ಸಾರ್" ಎಂದು ಕೈ ಕುಲುಕಿದರು. ಟೀಚರಮ್ಮ ಅಲ್ಲೇ ರಂಗೋಲಿ ಹಾಕುತ್ತಿದ್ದರು. ತಲೆಯೆತ್ತಲಿಲ್ಲ. ನಾನೂ ಅಲ್ಲವೆನ್ನಲಿಲ್ಲ.

ನಿಮ್ಮ ಬೀದಿಗೂ ಇಂಥ ದಿನ ಬರುತ್ತದೆ, ಅದಕ್ಕೇ ಹೇಳುತ್ತೇನೆ. ಮೊದಲು ಕಚೇರಿಗೆ ಹೋಗಿ ನಕ್ಷೆಯನ್ನು ಕಣ್ಣಾರೆ ನೋಡಿ. ಅದರಲ್ಲಿ ಜಾಗ ನಿಮ್ಮದೆಂದಿದ್ದರೆ ಎಷ್ಟಕ್ಕೆ ಬಿಡುತ್ತೀರಿ ಎಂಬ ಪ್ರಶ್ನೆಗೆ ಬಾಯಿ ತೆರೆಯಲೇಬೇಡಿ. ಒಬ್ಬನ ಹೆಸರನ್ನೇ ಬರೆದುಕೊಡಬೇಡಿ, ಮೂವರದಾದರೂ ಇರಲಿ, ಸಿಟ್ಟು ಬರುವವರೊಬ್ಬರು ಅದರಲ್ಲಿರಲಿ. ಜಗಲಿಯಲ್ಲಿ ಯಾರ ಜೊತೆಗೂ ಒಂಟಿಯಾಗಿ ಕೂರಬೇಡಿ. ಚೌಕಾಸಿಯಲ್ಲಿ ಪಳಗಿದವನು ನಿಮ್ಮ ಬೀದಿಯಲ್ಲೂ ಇರುತ್ತಾನೆ. ಅವನನ್ನೂ ಕರೆದುಕೊಂಡು ಹೋಗಿ, ಆದರೆ ಅವನ ಎರಡು ಕೈಗೂ ನೀರಿನ ಕೊಡ ಕೊಟ್ಟಿರಿ.