ಚಿಲಕವಿಲ್ಲದ ಬಚ್ಚಲು

ನಮ್ಮ ಮೂರ್ಛೆರೋಗದ ಕ್ಲಿನಿಕ್ಕಿನಲ್ಲಿ ನರರೋಗದ ಡಾಕ್ಟರು, ಮನೋವೈದ್ಯೆ, ನರ್ಸಾದ ನಾನು, ಮೂವರೂ ಒಟ್ಟಿಗೆ ಕೂತು ರೋಗಿಯನ್ನು ಮಾತಾಡಿಸುತ್ತೇವೆ; ಈ ರೋಗಿಯ ವಿಷಯದಲ್ಲಿ ಮಾತ್ರ ಉತ್ತರವೆಲ್ಲ ಅವನ ಅಕ್ಕನದೇ. ನಲವತ್ತು ದಾಟಿದ ತಮ್ಮನು ಬಾಯಿ ತೆರೆಯುವಷ್ಟರಲ್ಲಿ ಅವನಿಗೆ ಬಿದ್ದ ಕನಸನ್ನೂ ಅವಳೇ ಹೇಳಿ ಮುಗಿಸಿರುತ್ತಾಳೆ. ಅವನ ಕೈಯಿಂದ ಚಮಚ ಜಾರಿದರೆ ಇವಳ ಜೀವ ಬಾಯಿಗೆ ಬರುತ್ತದೆ. ಅವನು ಸುಮ್ಮನೆ ಆಕಳಿಸಿದರೂ ಹಿಡಿದುಕೊಳ್ಳಲು ಎರಡೂ ಕೈ ಚಾಚುತ್ತಾಳೆ. ಮನೆಯ ಚಿಲಕಗಳನ್ನೆಲ್ಲ ಕೀಳಿಸಿದ್ದಾಳೆ. “ಬಚ್ಚಲಲ್ಲಿ ಫಿಟ್ಸ್ ಬಂದ್ರೆ ನೀವು ಬಂದು ನೋಡ್ತೀರಾ?” ಎಂದು ನಮ್ಮನ್ನೇ ದಬಾಯಿಸುತ್ತಾಳೆ. “ಮನಸ್ಸಿಗೇನೂ ಆಗಿಲ್ಲ ಬಿಡಿ, ಖುಷಿಯಾಗೇ ಇದಾನೆ. ಸ್ನಾನ ಮುಗಿಯೋವರೆಗೂ ಹಾಡ್ತಾನೇ ಇರ್ತಾನೆ.” ಮೊನ್ನೆ ಮನೋವೈದ್ಯೆ ಅವಳನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳಿದರು. ಬಾಗಿಲು ಪೂರ್ತಿ ಮುಚ್ಚದಂತೆ ಸಂದಿಗೆ ತನ್ನ ಚೀಲ ಇಟ್ಟು ಹೋದಳು. “ಹಾಡು ಅಂದ್ರೆ ಅಷ್ಟು ಇಷ್ಟಾನಾ ನಿಮಗೆ?” ಎಂದು ಮನೋವೈದ್ಯೆ ತಮ್ಮನನ್ನು ಕೇಳಿದರು. ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ಇಲ್ಲ ಮೇಡಂ. ನಿಲ್ಲಿಸಿದ್ರೆ ಅಕ್ಕ ಒಳಗೆ ಬಂದುಬಿಡ್ತಾಳೆ.” ಮನೋವೈದ್ಯೆ ತಲೆ ತಗ್ಗಿಸಿ ಅದನ್ನು ಬರೆದುಕೊಳ್ಳತೊಡಗಿದರು. ಕೋಣೆ ಹಾಗೆ ನಿಶ್ಶಬ್ದವಾಗುತ್ತಿದ್ದಂತೆ ಸಂದಿಯಲ್ಲಿದ್ದ ಚೀಲ ಅಲುಗಿತು, ಅವನು ಹಾಡತೊಡಗಿದ.